ಬಾಣಲೆಯಲ್ಲಿ ಕಡಲೇಬೀಜ

ಸಂಜೆ ನಾಲ್ಕೂವರೆಗೆ ಸರಕಾರಿ ಗುಮಾಸ್ತನಿಗೆ ಹಸಿವಾಗುತ್ತದೆ ಎಂಬುದಕ್ಕೆ ಯಾವ ಸುತ್ತೋಲೆಯ ಆಧಾರವೂ ಬೇಕಿಲ್ಲ. ನಾವು ಇಪ್ಪತ್ತು ವರ್ಷಗಳಿಂದ ಹೈದರಾಬಾದಿನಲ್ಲಿ ಕೇಂದ್ರ ಸರಕಾರದ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗಿಸುತ್ತಿರುವವರು. ಈ ಅವಧಿಯಲ್ಲಿ ಚಹದ ಜೊತೆ ನಮ್ಮ ಹೊಟ್ಟೆ ಸೇರಿದ ಮಿರ್ಚಿ ಬಜ್ಜಿ, ಪೊಟ್ಟಣದ ಮಿಕ್ಸ್‌ಚರ್, ಉಸ್ಮಾನಿಯಾ ಬಿಸ್ಕತ್ತುಗಳ ಲೆಕ್ಕವನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಕೇಳಿದವರು ಡಾಕ್ಟರು. ನಮ್ಮ ರಕ್ತದೊತ್ತಡ 150ಕ್ಕೆ 96 ಎಂದು ಬರೆದುಕೊಂಡು, ಉಪ್ಪು ಕಡಿಮೆ ಮಾಡಿ, ಕರಿದದ್ದು ಬಿಡಿ, ಸಂಜೆ ಬೇಕಾದರೆ ಒಂದು ಹಿಡಿ ಬಾದಾಮಿ ತಿನ್ನಿ ಎಂದರು.

ನಾವು ಓದಿದ್ದು ಬಿ.ಎಸ್ಸಿ. ಒಂದು ಹಿಡಿ ಬಾದಾಮಿಯನ್ನು ಮನೆಯ ನಾಲ್ಕು ಜನರಿಗೆ ಗುಣಿಸಿ, ಮೂವತ್ತು ದಿನಕ್ಕೆ ಗುಣಿಸಿ ನೋಡಿದಾಗ ರಕ್ತದೊತ್ತಡ ಇನ್ನಷ್ಟು ಏರಿದಂತಾಯಿತು. ಒಂದು ಕಿಲೋ ಬಾದಾಮಿಯ ಬೆಲೆಗೆ ಬೇಗಂ ಬಜಾರಿನಲ್ಲಿ ನಾಲ್ಕೈದು ಕಿಲೋ ಕಡಲೇಬೀಜ ಬರುತ್ತದೆ. ಸತ್ವದಲ್ಲೇನೂ ಇದು ಬಡವರ ಮನೆಯ ಕೂಸಲ್ಲ. ನಮ್ಮ ಊರಿನ ತಾರ್ನಾಕದಲ್ಲೇ ಇರುವ ರಾಷ್ಟ್ರೀಯ ಪೋಷಣ ಸಂಸ್ಥೆ (1918ರಲ್ಲಿ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಇಲ್ಲಿಗೆ ಬಂದದ್ದು, ಅಂದರೆ ಅದೂ ನಮ್ಮಂತೆ ವಲಸೆಗಾರನೇ) ಪ್ರಕಟಿಸುವ ಆಹಾರ ಕೋಷ್ಟಕಗಳನ್ನು ನೋಡಿ. ನೂರು ಗ್ರಾಂ ಕಡಲೇಬೀಜದಲ್ಲಿ ಪ್ರೋಟೀನು ಸುಮಾರು 24 ಗ್ರಾಂ. ಬಾದಾಮಿಯಲ್ಲಿ ಅದು 20ರ ಆಸುಪಾಸು. ಆದರೆ ಎಣ್ಣೆಯ ಅಂಶವೂ 40 ಗ್ರಾಂನಷ್ಟಿದೆ. ಆದ್ದರಿಂದ ಹಿಡಿ ಎಂದರೆ ಹಿಡಿಯೇ, ಬೊಗಸೆಯಲ್ಲ.

ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ಹೆಸರಿನದು. ನಾವು ಚಳ್ಳಕೆರೆ ಸೀಮೆಯವರು, ಕಡಲೇಕಾಯಿ ಎನ್ನುತ್ತೇವೆ. ನಮ್ಮ ಮನೆಯವರು ಬೀದರ ಜಿಲ್ಲೆಯವರು, ಅವರಿಗೆ ಅದು ಶೇಂಗಾ. ಪಕ್ಕದ ಮನೆಯವರಿಗೆ ಪಲ್ಲೀಲು. ಮಗಳು ಶಾಲೆಯಿಂದ ಬಂದು ‘ಪೀನಟ್’ ಎಂದಾಗ ಮಾತ್ರ ನಾವಿಬ್ಬರೂ ಒಂದಾಗಿ ಅವಳ ಮೇಲೆ ಬೀಳುತ್ತೇವೆ.

ಹುರಿಯುವ ಕ್ರಮ ಹೀಗೆ. ಕಾಲು ಕಿಲೋ ಬೀಜಕ್ಕೆ ಅರ್ಧ ಚಮಚ ಉಪ್ಪನ್ನು ಮೂರು ಚಮಚ ಬಿಸಿನೀರಿನಲ್ಲಿ ಕರಗಿಸಿ ಚಿಮುಕಿಸಿ, ಚೆನ್ನಾಗಿ ಕಲಸಿ, ಹತ್ತು ನಿಮಿಷ ಬಿಡಬೇಕು. ಮೇಲೆ ಪುಡಿ ಉಪ್ಪು ಉದುರಿಸಿದರೆ ಅದು ಡಬ್ಬಿಯ ತಳ ಸೇರುತ್ತದೆ, ಸಪ್ಪೆಯೆಂದು ಮತ್ತೆ ಹಾಕುತ್ತೇವೆ. ನೀರಿನ ಉಪ್ಪಾದರೆ ಸ್ವಲ್ಪವೇ ಸಾಕು. ಆಮೇಲೆ ದಪ್ಪ ಕಬ್ಬಿಣದ ಬಾಣಲೆ, ಸಣ್ಣ ಉರಿ, ಕೈ ಬಿಡದೆ ಹದಿನೈದು ಇಪ್ಪತ್ತು ನಿಮಿಷ. ಮೊದಲು ನೀರಾರುತ್ತದೆ, ಆಮೇಲೆ ಚಿಟಪಟ ಸದ್ದು, ಆಮೇಲೆ ಮನೆಯೆಲ್ಲ ತುಂಬುವ ಆ ಘಮ. ಸಿಹಿ ಮತ್ತು ಪ್ರೋಟೀನು ಶಾಖದಲ್ಲಿ ಕೂಡಿ ಕಂದಾಗುವ ಈ ರಾಸಾಯನಿಕ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಫ್ರಾನ್ಸಿನ ವಿಜ್ಞಾನಿಯ ಹೆಸರು ಮೈಲಾರ್. ಇದನ್ನು ಹೇಳಿದಾಗ ನಮ್ಮ ಮನೆಯವರು, “ನಮ್ಮ ಮೈಲಾರಲಿಂಗ ಫ್ರಾನ್ಸಿಗೆ ಯಾವಾಗ ಹೋಗಿದ್ದ?” ಎಂದರು. “ಶೇಂಗಾ ಹುರೀಲಿಕ್ಕ ಬಿ.ಎಸ್ಸಿ. ಯಾಕ ಬೇಕ್ರಿ?” ಎಂದೂ ಸೇರಿಸಿದರು.

ಬಣ್ಣ ಪೂರ್ತಿ ಬರುವ ಮೊದಲೇ ಇಳಿಸಬೇಕು, ಯಾಕೆಂದರೆ ಬೀಜ ತನ್ನ ಕಾವಿನಲ್ಲೇ ಇನ್ನೂ ಸ್ವಲ್ಪ ಹುರಿದುಕೊಳ್ಳುತ್ತದೆ. ಬಿಸಿಯಲ್ಲಿ ಮೆತ್ತಗಿದ್ದರೆ ಹೆದರಬೇಡಿ, ಆರಿದ ಮೇಲೆಯೇ ಗರಿಗರಿ. ಆಮೇಲೆ ಒಂದು ಸಣ್ಣ ಚಮಚ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಇಂಗು, ಚಿಟಿಕೆ ಅರಿಸಿನ; ಉರಿ ಆರಿಸಿದ ಮೇಲೆ ಬ್ಯಾಡಗಿ ಮೆಣಸಿನ ಪುಡಿ ಮತ್ತು ಆಮಚೂರು. ನಿಂಬೆರಸ ಹಿಂಡಿದರೆ ಮೆತ್ತಗಾಗುತ್ತದೆ, ತಿನ್ನುವಾಗ ಬೇಕಾದರೆ ಹಿಂಡಿಕೊಳ್ಳಿ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ. ನಮ್ಮ ಮನೆಯಲ್ಲಿ ಅದು ವಾರದ ಮೇಲೆ ಉಳಿದ ದಾಖಲೆ ಇಲ್ಲ.

ಇದೆಲ್ಲಕ್ಕಿಂತ ಮೊದಲಿನ ಕೆಲಸ ಒಂದಿದೆ, ಅದು ಆರಿಸುವುದು. ಇದನ್ನು ನಾವು ಕಲಿತ ಬಗೆಯನ್ನು ಹೇಳಿಬಿಡುತ್ತೇವೆ.

ಮೊದಲೆಲ್ಲ ನಾವು ಬೇಗಂ ಬಜಾರಿಗೆ ಹೋಗುತ್ತಿರಲಿಲ್ಲ. ವರ್ಷಕ್ಕೊಂದು ಚೀಲ ಕಾಯಿ ಊರಿನಿಂದ ನಮ್ಮ ತಂದೆಯವರು ಕಳಿಸುತ್ತಿದ್ದರು. ಮಳೆ ನಂಬಿದ ಹೊಲ. ಜೊಳ್ಳು ಹೆಚ್ಚಾದ ವರ್ಷವೂ ಮಗನ ಚೀಲಕ್ಕೆ ಗಟ್ಟಿ ಕಾಯಿಯೇ. 2020ರ ಆರಂಭದಲ್ಲಿ ಬಂದ ಚೀಲ ಅಕ್ಟೋಬರ್ ವೇಳೆಗೆ ಅರ್ಧ ಉಳಿದಿತ್ತು. ಆ ತಿಂಗಳು 13ರ ರಾತ್ರಿ ಸುರಿದ ಮಳೆಯನ್ನು ಹೈದರಾಬಾದಿನವರಾರೂ ಮರೆತಿರಲಾರಿರಿ. ಮೂಸಾರಾಂಬಾಗಿನ ನಮ್ಮ ನೆಲಮಹಡಿಯ ಬಾಡಿಗೆ ಮನೆಯೊಳಗೆ ಮೊಣಕಾಲುದ್ದ ನೀರು ಬಂತು. ಮಕ್ಕಳ ಪುಸ್ತಕಗಳನ್ನು ಎತ್ತಿಟ್ಟೆವು, ಚೀಲದ ನೆನಪಾಗಲಿಲ್ಲ.

ನಾಲ್ಕು ದಿನ ತಾರಸಿಯ ಮೇಲೆ ಒಣಗಿಸಿದೆವು. ಸುಲಿದು ನೋಡಿದರೆ ಕೆಲವು ಬೀಜಗಳ ಮೇಲೆ ಹಸಿರು ಮಿಶ್ರಿತ ಹಳದಿ ಬೂಷ್ಟು. ಅದೇನೆಂದು ನಮಗೆ ಗೊತ್ತಿಲ್ಲದೆ ಇರಲಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತು, ಕಾರಣ ಹುಡುಕಿದಾಗ ಅವುಗಳ ಮೇವಿನಲ್ಲಿದ್ದ ಕಡಲೇಕಾಯಿ ಹಿಂಡಿಯ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸಿಕ್ಕಿತು. ಯಕೃತ್ತಿಗೆ ಶತ್ರು. ಹುರಿದರೆ ಸ್ವಲ್ಪ ತಗ್ಗಬಹುದು, ಪೂರ್ತಿ ಹೋಗುವುದಿಲ್ಲ. ಗೊತ್ತಿದ್ದೂ ನಾವು ಬಾಣಲೆ ಇಟ್ಟೆವು. ಚೆನ್ನಾಗಿ ಕಂಡದ್ದನ್ನಷ್ಟೇ ಹುರಿಯುತ್ತಿದ್ದೇವೆ ಎಂದು ನಮಗೆ ನಾವೇ ಹೇಳಿಕೊಂಡೆವು. ಬೆಳ್ಳುಳ್ಳಿ, ಇಂಗು ಹೆಚ್ಚೇ ಹಾಕಿದೆವು. ಮುಗ್ಗಲು ವಾಸನೆ ಅಡಗಿತು. ಮಗಳು ಬಂದು ಅಂಗೈ ಚಾಚಿದಳು.

ಕೊಡಲಾಗಲಿಲ್ಲ. ಬಾಣಲೆಯದನ್ನೂ ಚೀಲದ್ದನ್ನೂ ಕಸದ ಗಾಡಿಗೆ ಹಾಕಿದೆವು. ದನಕ್ಕೆ ಹಾಕಬಹುದಿತ್ತಲ್ಲ ಎಂದು ನೆರೆಯವರೊಬ್ಬರು ಕೇಳಿದರು. ದನಕ್ಕೂ ಆಗದು, ವಿಷ ಹಾಲಿಗೂ ಇಳಿಯುತ್ತದೆ.

ಅದೇ ವಾರ ತಂದೆಯವರ ಫೋನು. “ಕಾಯಿ ಇನ್ನೂ ಇದಾವೇನಪ್ಪ?” “ಮುಗಿದ್ವಪ್ಪ, ಮಕ್ಕಳು ತಿಂದ್ರು” ಎಂದೆವು. “ತಿನ್ಲಿ ಬಿಡು. ಹೊಸವು ಕಿತ್ತ ಮೇಲೆ ಕಳಿಸ್ತೀನಿ” ಎಂದರು. ಆ ಜನವರಿಯಲ್ಲಿ ಅವರು ತೀರಿಕೊಂಡರು. ನಿಜ ಹೇಳಲು ಆಗಲೇ ಇಲ್ಲ. ಹೇಳಬೇಕಿತ್ತೇ ಎಂಬುದೂ ನಮಗೆ ಇನ್ನೂ ತೀರ್ಮಾನವಾಗಿಲ್ಲ.

ಈಗ ಭಾನುವಾರ ಮಗಳು ಮೊರ ಹಿಡಿದು ಕೂರುತ್ತಾಳೆ. ಸುಕ್ಕಿದ್ದು, ಬಣ್ಣಗೆಟ್ಟದ್ದು, ಮುರುಕು, ಬೂಷ್ಟು ಎಲ್ಲ ಹೊರಗೆ. ಕೆಟ್ಟ ವಿಷವೆಲ್ಲ ಸಾಮಾನ್ಯವಾಗಿ ಇಂಥ ಕೆಲವೇ ಬೀಜಗಳಲ್ಲಿರುತ್ತದೆ, ಆದ್ದರಿಂದ ಈ ಹತ್ತು ನಿಮಿಷದ ಕೆಲಸಕ್ಕೆ ಬೆಲೆಯಿದೆ. ತಿನ್ನುವಾಗ ಒಂದು ಕಹಿಯಾಗಿ ಸಿಕ್ಕರೆ ನುಂಗದೆ ಉಗಿದುಬಿಡಿ, ಮರ್ಯಾದೆ ನೋಡಬೇಡಿ. ನಮ್ಮ ರಕ್ತದೊತ್ತಡ ಮಾತ್ರೆಯ ಸಹಾಯದಿಂದ ಈಗ 130ರ ಹತ್ತಿರ ಇದೆ. ಕಡಲೇಬೀಜಕ್ಕೆ ಅದರಲ್ಲಿ ಎಷ್ಟು ಪಾಲೋ ಡಾಕ್ಟರು ಹೇಳಿಲ್ಲ.

ಹೊಲವನ್ನು ಈಗ ತಮ್ಮ ನೋಡಿಕೊಳ್ಳುತ್ತಿದ್ದಾನೆ. ಮೊನ್ನೆ ಫೋನು ಮಾಡಿ, “ಅಣ್ಣ, ಈ ಸಲ ಕಾಯಿ ಬಿತ್ತೀನಿ, ಒಂದು ಚೀಲ ಕಳಿಸ್ಲಾ?” ಎಂದ. ಕಳಿಸು, ನಾವೀಗ ಎರಡನೇ ಮಹಡಿಯಲ್ಲಿದ್ದೇವೆ ಎಂದೆವು.