ಮರುಭೂಮಿಯ ನಗರದಲ್ಲಿ ಬಿಡಾರ

ಕೆರೆಯನ್ನು 'ಅಂಬುಧಿ'ಯೆಂದೂ 'ಸಾಗರ'ವೆಂದೂ ಕರೆದ ನಮ್ಮ ಹಿರಿಯರ ಮಾತು ಹೊರಗಿನವರಿಗೆ ಅತಿಶಯವಾಗಿ ತೋರಬಹುದು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಬುಕ್ಕಾಂಬುಧಿಯ ಕಡೆಯವರಾದ ನಮಗೆ ಹಾಗೆ ತೋರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಬಿರುಕುಬಿಟ್ಟ ಕೆರೆಯಂಗಳವನ್ನು ಕಂಡವರಿಗೆ ತುಂಬಿದ ಕೆರೆ ಕಡಲೇ ಸರಿ. ಹಿಂದೆ ಗಾಡಿ ಕಟ್ಟಿ ಜಾತ್ರೆಗೆ ಹೊರಟವರು ಬಿಡಾರ ಹೂಡುವ ಮೊದಲು ಕೇಳುತ್ತಿದ್ದುದು ಎರಡೇ ಪ್ರಶ್ನೆ: ನೀರೆಲ್ಲಿ, ನೆರಳೆಲ್ಲಿ?

ಈಗ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಮನೆಗಳ ಮಕ್ಕಳೂ ಓದಿಗೆಂದು, ಉದ್ಯೋಗಕ್ಕೆಂದು ಅಮೆರಿಕೆಯನ್ನು ಸೇರಿದ್ದಾರೆ. ಅವರಲ್ಲಿ ಕೆಲವರು ನೆಲೆಸಿರುವುದು ಆ ದೇಶದ ನೈಋತ್ಯ ಮೂಲೆಯ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಸುತ್ತಿನಲ್ಲಿ. ಮಗನನ್ನೋ ಮಗಳನ್ನೋ ನೋಡಿ ಬರಲು ಹೊರಟ ತಂದೆತಾಯಿಯರು, ಅಲ್ಲಿ ಎಲ್ಲಿ ಇಳಿದುಕೊಳ್ಳುವುದು ಉಚಿತವೆಂದು ನಮ್ಮನ್ನು ಕೇಳುವುದುಂಟು. ಒಮ್ಮೆ ಜನವರಿಯಲ್ಲಿಯೂ ಇನ್ನೊಮ್ಮೆ ಜುಲೈಯಲ್ಲಿಯೂ ಅಲ್ಲಿದ್ದು ಬಂದ ನಾವು ಅವರಿಗೆ ಹೇಳುವುದು ಆ ಗಾಡಿಯ ಕಾಲದ ಎರಡು ಪ್ರಶ್ನೆಗಳನ್ನೇ.

ಫೀನಿಕ್ಸ್ ಇರುವುದು ಸೊನೋರಾ ಮರುಭೂಮಿಯಲ್ಲಿ. ವರ್ಷದ ಮಳೆ 20 ಸೆಂಟಿಮೀಟರಿಗೂ ಕಡಿಮೆ. ಆದರೂ ಅದು ನೀರಿನಿಂದಲೇ ಹುಟ್ಟಿದ ಊರು. ಹೊಹೊಕಾಮ್ ಎಂಬ ಆದಿವಾಸಿ ಜನರು ಸಾಲ್ಟ್ ನದಿಯಿಂದ ತೋಡಿದ್ದ ಕಾಲುವೆಗಳು ಶತಮಾನಗಳ ಕಾಲ ಹಾಳುಬಿದ್ದಿದ್ದವು. 1867ರ ನಂತರ ಬಂದ ವಲಸಿಗರು ಆ ಜಾಡನ್ನೇ ಹಿಡಿದು ಮತ್ತೆ ನೀರು ಹರಿಸಿದರು. ಬೂದಿಯಿಂದ ಎದ್ದ ಹಕ್ಕಿಯ ಹೆಸರು ಊರಿಗೆ ಬಂದುದು ಹೀಗೆ. ನಮ್ಮ ಮಾರಿಕಣಿವೆಯ ವಾಣಿವಿಲಾಸಸಾಗರ 1907ರಲ್ಲಿ ಪೂರ್ಣಗೊಂಡರೆ, ಅವರ ರೂಸ್‌ವೆಲ್ಟ್ ಅಣೆಕಟ್ಟು 1911ರಲ್ಲಿ. ಇಲ್ಲಿ ಅಜ್ಜಂಪುರದ ಬಳಿ ಸುರಂಗ ಕೊರೆದು ಭದ್ರೆಯನ್ನು ಚಿತ್ರದುರ್ಗದ ಕಡೆಗೆ ತಿರುಗಿಸಿದಂತೆ, ಅಲ್ಲಿಯೂ ಕೊಲರಾಡೊ ನದಿಯ ನೀರನ್ನು ಸುಮಾರು 540 ಕಿಲೋಮೀಟರ್ ಕಾಲುವೆಯಲ್ಲಿ ತಂದಿದ್ದಾರೆ. ಮರುಭೂಮಿಯೆಂದು ಕೇಳಿ ಹೋದವರಿಗೆ ಹಸಿರು ಹುಲ್ಲುಹಾಸು, ಈಜುಕೊಳ ಕಂಡು ಬೆರಗಾಗುವುದು ಸಹಜ. ಆ ಹಸಿರನ್ನು ಕಂಡು ಬಿಸಿಲನ್ನು ಮರೆಯಬಾರದು.

ಏಕೆಂದರೆ ಆ ಬಿಸಿಲು ನಮ್ಮ ಬಿಸಿಲಲ್ಲ. 1990ರ ಜೂನ್ 26ರಂದು ಅಲ್ಲಿ 50 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. 2023ರ ಬೇಸಗೆಯಲ್ಲಿ ಸತತ 31 ದಿನ 43 ಡಿಗ್ರಿಗೆ ಕಡಿಮೆಯಾಗದ ಮಧ್ಯಾಹ್ನಗಳು ಬಂದವು. ನಮ್ಮ ಬಯಲುಸೀಮೆಯಲ್ಲಿ ಹಗಲು ಎಷ್ಟೇ ಸುಟ್ಟರೂ ಸಂಜೆಗೆ ಜಗಲಿಗೆ ಬಂದರೆ ಗಾಳಿ ತಂಪಾಗುತ್ತದೆ. ಅಲ್ಲಿ ಕಾಂಕ್ರೀಟು, ಡಾಂಬರು ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಬಿಡುತ್ತವೆ. ಆ ವರ್ಷ ರಾತ್ರಿಯೂ 32 ಡಿಗ್ರಿಗೆ ಇಳಿಯದ ದಿನಗಳಿದ್ದವು. ಗಾಳಿ ಒಣಗಿದ್ದಾದ್ದರಿಂದ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ದೇಹದ ನೀರು ಬತ್ತುತ್ತಿರುವುದು ವಯಸ್ಸಾದವರಿಗೆ ತಿಳಿಯುವುದೇ ಇಲ್ಲ. ಫೀನಿಕ್ಸ್ ಸೇರಿರುವ ಮಾರಿಕೋಪಾ ಕೌಂಟಿಯಲ್ಲಿ 2023ರಲ್ಲಿ ಬಿಸಿಲಿನ ಕಾರಣದಿಂದ ತೀರಿಕೊಂಡವರು 645 ಮಂದಿ. ಅವರಲ್ಲಿ ಸೂರಿಲ್ಲದವರು ಬಹಳ. ಮನೆಯೊಳಗೇ ತೀರಿಕೊಂಡವರೂ ಉಂಟು. ಅಂಥ ಮನೆಗಳಲ್ಲಿ ಹೆಚ್ಚಿನವುಗಳಲ್ಲಿ ತಂಪು ಮಾಡುವ ಯಂತ್ರವಿದ್ದೂ ಕೆಟ್ಟಿತ್ತು.

ನಮ್ಮವರು ಹೊರಡುವುದು ಮೊಮ್ಮಕ್ಕಳ ಶಾಲೆಯ ರಜೆಯೆಂದು ಜೂನ್, ಜುಲೈಯಲ್ಲಿಯೇ. ಆ ತಿಂಗಳುಗಳಲ್ಲಿ ನಗರದ ಅಂಚಿನ, ಗುಡ್ಡಗಳ ಮಗ್ಗುಲಿನ ಸ್ಕಾಟ್ಸ್‌ಡೇಲ್ ಕಡೆಯ ದೊಡ್ಡ ವಿಹಾರಧಾಮಗಳು ಬಾಡಿಗೆಯನ್ನು ಬಹಳ ಇಳಿಸುತ್ತವೆ. ಹೊರಗೆ ಕಾಲಿಡಲಾಗದ ಕಾಲವಾದ್ದರಿಂದಲೇ ಅಗ್ಗ. ಮೇಲೆ 'ರಿಸಾರ್ಟ್ ಶುಲ್ಕ'ವೆಂದು ಬೇರೆಯಾಗಿ ಕೀಳುವುದೂ ಉಂಟು. ಮಕ್ಕಳು ಕಾರು ತೆಗೆದುಕೊಂಡು ಕೆಲಸಕ್ಕೆ ಹೋದರೆ ಹಿರಿಯರು ಚಿತ್ರದಂಥ ಆ ಕೋಣೆಯಲ್ಲಿ ಸೆರೆಯಾಳುಗಳು. ನವೆಂಬರಿನಿಂದ ಮಾರ್ಚಿಯವರೆಗೆ ಹವೆ ಹಿತವಾಗಿರುತ್ತದೆ, ಆದರೆ ಫೆಬ್ರವರಿ-ಮಾರ್ಚಿಯಲ್ಲಿ ಬೇಸ್‌ಬಾಲ್ ತಂಡಗಳ ಅಭ್ಯಾಸಪಂದ್ಯಗಳಿಗೆ ಜನ ನೆರೆದು ಬಾಡಿಗೆ ಏರುತ್ತದೆ. ನಮ್ಮ ಸಲಹೆ ಸಂಕ್ರಾಂತಿಯ ಆಸುಪಾಸು.

ಇನ್ನು ಬಹು ಸೂಕ್ಷ್ಮವಾದ ಮಾತು. "ಮಗಳ ಮನೆಯಿದ್ದೂ ಹೋಟೆಲಿನಲ್ಲಿ ಉಳಿಯುವುದೆ? ಊರಿನವರು ಏನೆಂದಾರು?" ಎಂದು ತಾಯಂದಿರು ನೊಂದುಕೊಳ್ಳುತ್ತಾರೆ. ಬೀಗರೂ ಕೂಡಿ ಆರೇಳು ಮಂದಿ ಎರಡು ಕೋಣೆಯ ಮನೆಯಲ್ಲಿ ತಿಂಗಳು ಕಳೆದು, ಕೊನೆಗೆ ಮನಸ್ಸು ಕಹಿ ಮಾಡಿಕೊಂಡು ವಿಮಾನ ಹತ್ತಿದ ಕುಟುಂಬವೊಂದನ್ನು ನಾವು ಬಲ್ಲೆವು. ಮಗಳ ಮನೆಯಿಂದ ಬೆಳಗಿನ ತಂಪಿನಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ಬೇರೆ ಕೋಣೆ ಹಿಡಿದರೆ ಯಾರ ಮಾನವೂ ಹೋಗುವುದಿಲ್ಲ. ಮಧ್ಯಾಹ್ನದ ನಿದ್ದೆಯೂ ಉಳಿಯುತ್ತದೆ, ಬಾಂಧವ್ಯವೂ ಉಳಿಯುತ್ತದೆ.

ಕೋಣೆ ಹಿಡಿಯುವಾಗ ಚಿಕ್ಕ ಅಡುಗೆಮನೆಯುಳ್ಳದ್ದನ್ನೇ ಹುಡುಕಬೇಕು. ಮುದ್ದೆಯಲ್ಲದಿದ್ದರೂ ಅನ್ನ ಸಾರು ಬೇಯಿಸಿಕೊಳ್ಳಬಹುದು. ಅಮೆರಿಕೆಯ ಮೋಟೆಲುಗಳಲ್ಲಿ ಬಹುಪಾಲು ಗುಜರಾತಿ ಮೂಲದವರ ಒಡೆತನದಲ್ಲಿವೆ. ಸಸ್ಯಾಹಾರದ ಮಾತು ಅಲ್ಲಿ ಬೇಗ ಅರ್ಥವಾಗುತ್ತದೆ. ಇಷ್ಟಲಿಂಗಪೂಜೆಗೆ ಮಡಿಯಾದ ಒಂದು ಮೂಲೆ ಎಲ್ಲಿಯೂ ಸಿಕ್ಕೀತು, ಆದರೆ ಧೂಪ, ಕರ್ಪೂರದ ಹೊಗೆ ಸೋಂಕಿದರೆ ಚಾವಣಿಯ ಹೊಗೆಗಂಟೆ ಕೂಗಿಕೊಳ್ಳುತ್ತದೆ. ನಾವು ವಿಭೂತಿ, ಪತ್ರೆಯಷ್ಟಕ್ಕೇ ತೃಪ್ತರಾದೆವು.

ಮಕ್ಕಳಿಗೆ ಬಿಡುವಿಲ್ಲದ ಮನೆಯವರು 2008ರಲ್ಲಿ ಆರಂಭವಾದ ಲೈಟ್ ರೈಲಿನ ದಾರಿಯಲ್ಲಿ, ಫೀನಿಕ್ಸ್ ನಡುಪೇಟೆಯಲ್ಲಾಗಲಿ ಟೆಂಪಿಯಲ್ಲಾಗಲಿ ಉಳಿಯುವುದು ಮೇಲು. ವಿಮಾನನಿಲ್ದಾಣಕ್ಕೂ ಅದರಿಂದ ಸಂಪರ್ಕವಿದೆ. ಆದಿವಾಸಿಗಳ ಕಲೆಯ ಹರ್ಡ್ ಸಂಗ್ರಹಾಲಯವನ್ನು ರೈಲಿನಿಂದಿಳಿದು ನಡೆದೇ ನೋಡಬಹುದು. ಚಾಂಡ್ಲರಿನಲ್ಲಿ ಮಕ್ಕಳಿದ್ದರೆ ಅಲ್ಲಿಯೇ ಉಳಿಯಬೇಕು. ರೈಲು ಅಲ್ಲಿಗೆ ಬರುವುದಿಲ್ಲ, ಆದರೆ ಮಾರಿಕೋಪಾ ಊರಿನ ಮಹಾಗಣಪತಿ ದೇವಾಲಯಕ್ಕೆ ಕಾರಿನಲ್ಲಿ ಹೋಗಿಬರಲು ಅನುಕೂಲ. ಕ್ಯಾಮೆಲ್‌ಬ್ಯಾಕ್ ಬೆಟ್ಟದ ದಾರಿಯನ್ನು ಬಿಸಿಲಿನ ಎಚ್ಚರಿಕೆಯ ದಿನಗಳಲ್ಲಿ ಸಂಜೆ 5ರ ತನಕ ಮುಚ್ಚಿಡುತ್ತಾರೆ. ಬುಕ್ಕಾಂಬುಧಿಯ ಬೆಟ್ಟ ಹತ್ತಿ ಅಭ್ಯಾಸವುಳ್ಳವರೂ ಅಲ್ಲಿ ಹಟ ಹಿಡಿಯಬಾರದು.

ಕೋಣೆಗೆ ಮುಂಗಡ ಕೊಡುವ ಮೊದಲು ಇನ್ನೆರಡನ್ನು ಕೇಳಿಕೊಳ್ಳಬೇಕು: ತಂಪುಯಂತ್ರ ಕೆಟ್ಟರೆ ಅದೇ ದಿನ ಬೇರೆ ಕೋಣೆ ಕೊಡುವರೋ ಇಲ್ಲವೋ, ಕಿಟಕಿ ಪಡುವಣಕ್ಕಿದೆಯೋ ಮೂಡಣಕ್ಕೋ. ಪಡುವಣ ಕಿಟಕಿಯ ಕೋಣೆ ಸಂಜೆ 7ರ ತನಕ ಒಲೆಯಂತಿರುತ್ತದೆ. ಊರಿಗೆ ಫೋನು ಮಾಡುವವರು ನಮ್ಮ ಗಡಿಯಾರ ಅಲ್ಲಿಗಿಂತ ಹನ್ನೆರಡೂವರೆ ಗಂಟೆ ಮುಂದಿದೆಯೆಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಅಮೆರಿಕೆಯ ಬೇರೆಡೆಗಳಂತೆ ಫೀನಿಕ್ಸಿನಲ್ಲಿ ಬೇಸಗೆಗೆಂದು ಗಡಿಯಾರ ತಿರುಗಿಸುವ ಪದ್ಧತಿಯಿಲ್ಲ.