ಹಬೆಗೆ ತಕ್ಕ ಪಾತ್ರೆ

ತರಕಾರಿಯನ್ನು ಹಬೆಯಲ್ಲಿ ಬೇಯಿಸುವುದೆಂದರೆ ನೀರನ್ನು ತಾಕಿಸದೆ ನೀರಿನ ಕಾವನ್ನು ಮಾತ್ರ ಅದಕ್ಕೆ ತಲುಪಿಸುವುದು. ಆದುದರಿಂದ ಹಬೆಪಾತ್ರೆಯನ್ನು ಆರಿಸಹೊರಟವರು ಅಂಗಡಿಯ ಮೆಟ್ಟಿಲೇರುವ ಮೊದಲು, ತಮ್ಮ ಮನೆಯಲ್ಲಿ ತರಕಾರಿ ಬೆಂದ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಗಮನಿಸುವುದು ಒಳ್ಳೆಯದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಬಸಿದ ಕಟ್ಟಿಗೆ ಖಾರ ಕೂಡಿಸಿ ಬಸ್ಸಾರು ಮಾಡುತ್ತಾರೆ. ಉಳಿದ ಸೊಪ್ಪುಕಾಳು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ಎರಡೂ ಮುದ್ದೆಯೊಡನೆ ಒಂದೇ ಊಟಕ್ಕೆ ಒದಗುತ್ತವೆ. ಸಿ ಜೀವಸತ್ವ, ಫೋಲೇಟ್ ಮೊದಲಾದವು ಕುದಿಯುವ ನೀರಿಗೆ ಇಳಿದುಹೋಗುತ್ತವೆ ಎಂಬ ಆಕ್ಷೇಪ ಬಸ್ಸಾರಿಗೆ ಪೂರ್ತಿ ಸಲ್ಲದು, ಏಕೆಂದರೆ ಕಾವಿಗೆ ಕೆಟ್ಟುದನ್ನು ಬಿಟ್ಟರೆ ಉಳಿದದ್ದು ಸಾರಿನಲ್ಲಿ ಮರಳಿ ದೊರೆಯುತ್ತದೆ. ಹಬೆಪಾತ್ರೆಯ ಅಗತ್ಯವಿರುವುದು ಹುರುಳಿಕಾಯಿ, ಕ್ಯಾರೆಟ್, ಹೂಕೋಸುಗಳನ್ನು ಕುದಿಸಿ ನೀರನ್ನು ಚೆಲ್ಲಿಬಿಡುವ ಅಡುಗೆಮನೆಗೆ.

ತನ್ನಲ್ಲಿ ಬೆಂದದ್ದರಿಂದ ಸತ್ವವನ್ನು ಹೊರಗೆಳೆಯುವ ನೀರಿನ ಈ ಸ್ವಭಾವವನ್ನು ರೇಷ್ಮೆಯ ನಾಡಾದ ರಾಮನಗರ ಚೆನ್ನಾಗಿ ಬಲ್ಲದು. ಗೂಡಿನ ಎಳೆಗಳನ್ನು ಬಿಗಿದು ಹಿಡಿದ ಸೆರಿಸಿನ್ ಎಂಬ ಅಂಟು ಬಿಸಿನೀರಿನಲ್ಲಿ ಮೆತ್ತಗಾಗಿ ಸಡಿಲಗೊಂಡರೆ ಮಾತ್ರ ನೂಲು ಬಿಚ್ಚಿಕೊಳ್ಳುತ್ತದೆ. ಎಂದರೆ ಅಲ್ಲಿ ನೀರು ಅಂಟನ್ನು ಹೊರಗೆಳೆಯಬೇಕು. ಒಳಗಿನ ಪ್ಯೂಪಾ ಚಿಟ್ಟೆಯಾಗಿ ಗೂಡನ್ನು ತೂತುಮಾಡದಂತೆ ತಡೆಯುವುದಷ್ಟೇ ಉದ್ದೇಶವಾದಾಗ ಗೂಡನ್ನು ಹಬೆಗೆ ಒಡ್ಡುವುದುಂಟು. ಕರಗಿಸಲು ನೀರು, ಕರಗಿಸದೆ ಕಾವು ಕೊಡಲು ಹಬೆ ಎಂಬ ಈ ವಿವೇಕವೇ ತರಕಾರಿಗೂ ಸಲ್ಲುತ್ತದೆ.

ಹಬೆಗೆ ಇಷ್ಟು ಶಕ್ತಿ ಬರುವುದು ಗುಪ್ತೋಷ್ಣದಿಂದ, ಅಂದರೆ ಕುದಿಯುವ ನೀರು ಆವಿಯಾಗುವಾಗ ತನ್ನ ಉಷ್ಣತೆಯನ್ನು ಏರಿಸಿಕೊಳ್ಳದೆ ಒಳಗಿರಿಸಿಕೊಳ್ಳುವ ಶಾಖದಿಂದ. ಒಂದು ಗ್ರಾಂ ನೀರಿಗೆ ಅದು ಸುಮಾರು 540 ಕ್ಯಾಲೊರಿ; ಆವಿಯು ತಣ್ಣನೆಯ ತರಕಾರಿಯ ಮೈಮೇಲೆ ಹನಿಯಾದ ಕ್ಷಣ ಅಷ್ಟನ್ನೂ ಅಲ್ಲಿಯೇ ಬಿಟ್ಟುಕೊಡುತ್ತದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ರಾಮನಗರದಲ್ಲಿ ನೀರು 100 ಡಿಗ್ರಿಗೆ ಎರಡು ಮೂರು ಡಿಗ್ರಿ ಮೊದಲೇ ಕುದಿಯುವುದರಿಂದ ಬೇಯಲು ತುಸು ಹೆಚ್ಚು ಹೊತ್ತು ಬೇಕಾದೀತು; ಅದಕ್ಕಾಗಿ ಒತ್ತಡದ ಕುಕ್ಕರಿಗೆ ತೂಕವಿಟ್ಟು ಕೂಗಿಸಿದರೆ ಒಳಗಿನ ಉಷ್ಣತೆ ಸುಮಾರು 120 ಡಿಗ್ರಿಗೆ ಏರಿ, ಎಳೆಯ ಹುರುಳಿಕಾಯಿ ಹಸಿರು ಕಳೆದುಕೊಂಡು ಮಿದುವಾಗಿಬಿಡುತ್ತದೆ.

ಹಬೆಯ ಅಡುಗೆಯಾದರೋ ಈ ಸೀಮೆಗೆ ಹೊಸದಲ್ಲ. ಬಿಡದಿಯ ತಟ್ಟೆ ಇಡ್ಲಿ ಹೆಸರಾದದ್ದು; ನುಚ್ಚಿನುಂಡೆ, ಕಡುಬುಗಳು ಮನೆಮನೆಯ ತಿನಿಸುಗಳು. ಆದರೆ ಹಿಟ್ಟಿಗೆ ಹೊಂದಿದ ತಟ್ಟೆ ಹೋಳಿಗೂ ಹೊಂದುತ್ತದೆಂದು ಹೇಳಲಾಗದು. ಹಿಟ್ಟು ಸೋರಬಾರದೆಂದು ಇಡ್ಲಿಯ ಕುಳಿಗಳಲ್ಲಿ ತೂತುಗಳು ಚಿಕ್ಕವು, ಕೆಲವೇ; ತರಕಾರಿಗೆ ಬೇಕಾದದ್ದು ಹೋಳು ಜಾರಿಬೀಳದಷ್ಟು ಸಣ್ಣ ತೂತುಗಳು ಒತ್ತೊತ್ತಾಗಿರುವ ಸಮತಟ್ಟು ತಟ್ಟೆ. ಅದು ಕುದಿಯುವ ನೀರಿಗಿಂತ ಎರಡು ಬೆರಳಾದರೂ ಮೇಲಿರಬೇಕು, ಇಲ್ಲವಾದರೆ ಉಕ್ಕಿದ ನೀರು ಕೆಳಗಿನ ಹೋಳುಗಳನ್ನು ತೋಯಿಸಿ ಹಬೆಯ ಉದ್ದೇಶವನ್ನೇ ಕೆಡಿಸುತ್ತದೆ. ಮುಚ್ಚಳ ಕಮಾನಿನಂತೆ ಉಬ್ಬಿದ್ದರೆ ತಣಿದ ಹನಿ ಅಂಚಿಗೆ ಹರಿದುಹೋಗುತ್ತದೆ. ಚಪ್ಪಟೆಯಾಗಿದ್ದರೆ ತರಕಾರಿಯ ಮೇಲೆಯೇ ತೊಟ್ಟಿಕ್ಕುತ್ತದೆ. ಬಿದಿರಿನ ಬುಟ್ಟಿ ಆ ತೇವವನ್ನು ತಾನೇ ಹೀರಿಕೊಳ್ಳುವುದಾದರೂ ಪ್ರತಿ ಸಲ ಚೆನ್ನಾಗಿ ಒಣಗಿಸದಿದ್ದರೆ ಬೂಸಲು ಹಿಡಿಯುತ್ತದೆ. ವಿದ್ಯುತ್ ಸ್ಟೀಮರು ಹೊತ್ತು ನೋಡಿಕೊಳ್ಳುತ್ತದೆ, ಆದರೆ ಅದಕ್ಕೆ ಬೇರೆ ಜಾಗವೂ ತಪ್ಪದ ಕರೆಂಟೂ ಬೇಕು. ದಿನಬಳಕೆಗೆ ಸ್ಟೀಲು ಬಾಳಿಕೆಯದು. ಬೋರ್‌ವೆಲ್ಲಿನ ಗಡಸು ನೀರಿನಿಂದ ಅದರ ತಳದಲ್ಲಿ ಕಟ್ಟುವ ಬಿಳಿಯ ಪದರ ಸುಣ್ಣದ ಕಾರ್ಬೊನೇಟಾದುದರಿಂದ ಹುಣಸೆಹುಳಿ ಹಾಕಿ ಕುದಿಸಿದರೆ ಸಡಿಲುತ್ತದೆ.

ಇಷ್ಟನ್ನು ತೂಗಿ ನೋಡಿದಾಗ, ಇಡ್ಲಿ ಪಾತ್ರೆಯಿರುವ ನಾಲ್ಕೈದು ಜನರ ಸಂಸಾರಕ್ಕೆ ಅದರೊಳಗೆ ಕೂರುವ, ತೂತುಗಳ ಒಂದು ಸಮತಟ್ಟು ತಟ್ಟೆ ಸಾಕೆನಿಸುತ್ತದೆ. ಹೊಸ ಪಾತ್ರೆಯೇ ಬೇಕಾದವರು ಅಂತಸ್ತುಗಳ ಎಣಿಕೆಗಿಂತ ತಟ್ಟೆಯ ಅಗಲಕ್ಕೆ ಬೆಲೆ ಕೊಡುವುದು ಲೇಸು, ಏಕೆಂದರೆ ಹೋಳುಗಳು ರಾಶಿಯಾಗದೆ ಹರಡಿಕೊಂಡಾಗಲೇ ಹಬೆ ಎಲ್ಲವನ್ನೂ ಸಮನಾಗಿ ಮುಟ್ಟುತ್ತದೆ. ಒಲೆ ಆರಿದ ಮೇಲೆ ತಳದಲ್ಲಿ ಉಳಿದ ನೀರನ್ನು ನೋಡಿದರೆ ಪಾತ್ರೆಯ ಗುಣ ತಿಳಿಯುತ್ತದೆ: ಅದು ಹೆಚ್ಚೂಕಡಿಮೆ ತಿಳಿಯಾಗಿದ್ದರೆ ತರಕಾರಿಯ ಸಾರ ತರಕಾರಿಯಲ್ಲಿಯೇ ಉಳಿದಿದೆ, ಬಣ್ಣವೇರಿದ್ದರೆ ಆ ನೀರನ್ನು ಅಂದಿನ ಸಾರಿಗೆ ಬೆರೆಸುವುದೇ ಬಸ್ಸಾರು ಕಲಿಸಿದ ಮರ್ಯಾದೆ.