ಪ್ರೇಮಕಥೆಗಳು ಕೇಳದ ಪ್ರಶ್ನೆ

ನಂಗೆ ಲವ್ ಸ್ಟೋರಿ ಸಿನಿಮಾ ಅಂದ್ರೆ ಪ್ರಾಣ. 'ಮುಂಗಾರು ಮಳೆ' ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಆದ್ರೂ ಒಂದು ಮಾತು ಹೇಳ್ಬೇಕು ಬಂಧುಗಳೇ.

ನಮ್ಮ ಬಹುಪಾಲು ಪ್ರೇಮಕಥೆಗಳಲ್ಲಿ ಹುಡುಗಿ ಅಪ್ಪ ಅಡ್ಡ ನಿಲ್ಲೋದು ಹುಡುಗ ಬಡವ ಅಂತ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬನ್ನಿ, ಇಲ್ಲಿ ಮೊದಲು ಕೇಳೋದು 'ನೀವು ಯಾವ ಜನ?' ಅಂತ.

2016ರಲ್ಲಿ ನಾಗರಾಜ್ ಮಂಜುಳೆ ಮರಾಠಿಯ 'ಸೈರಾಟ್'ನಲ್ಲಿ ಆ ಪ್ರಶ್ನೆಯನ್ನೇ ತೆರೆ ಮೇಲೆ ತಂದ್ರು. ಮೊದಲರ್ಧ ಹಾಡು, ಕುಣಿತ. ಕೊನೆಗೆ ಸದ್ದೇ ಇಲ್ಲ, ಮಗುವಿನ ರಕ್ತದ ಹೆಜ್ಜೆ ಮಾತ್ರ. ಮರುವರ್ಷ ಎಸ್. ನಾರಾಯಣ್ ನಿರ್ದೇಶನದಲ್ಲಿ ಅದೇ ಕಥೆ 'ಮನಸು ಮಲ್ಲಿಗೆ' ಆಗಿ ಕನ್ನಡಕ್ಕೆ ಬಂತು.

ಈ ಕಥೆಗೆ ಮಹಾರಾಷ್ಟ್ರದವರೆಗೆ ಹೋಗ್ಬೇಕಿತ್ತಾ? 2011ರಲ್ಲೇ ಮದ್ದೂರು ತಾಲ್ಲೂಕಿನ ಆಬಲವಾಡಿಯಲ್ಲಿ ದಲಿತ ಹುಡುಗನನ್ನ ಪ್ರೀತಿಸಿದ್ದಕ್ಕೆ ಒಬ್ಬ ಹೆಣ್ಣುಮಗಳ ಜೀವ ತೆಗೆದ್ರು. ಆ ಮಣ್ಣಿನ ಕಥೆ ಹೇಳೋಕೆ ನಮ್ಮೋರಿಗೆ ರೀಮೇಕ್ ಬೇಕಾಯ್ತು.

ಹೆಣ ಬೀಳೋ ಕ್ಲೈಮ್ಯಾಕ್ಸ್ ನೋಡಿ ಅತ್ತಿದ್ದು ಸಾಕು. ನಮ್ಮ ಕೇರಿ ಹುಡುಗ ಕಬ್ಬಿನ ಗದ್ದೆ ಬದುವಿನ ಮೇಲೆ ಹಾಡು ಹೇಳಿ, ಇಷ್ಟಪಟ್ಟವಳನ್ನ ಮದ್ವೆಯಾಗಿ, ಅದೇ ಊರಲ್ಲಿ ತಲೆಯೆತ್ತಿ ಸಂಸಾರ ಮಾಡೋ ಸಿನಿಮಾ ಯಾರಾದ್ರೂ ಮಾಡ್ಲಿ. ಮೊದಲ ಶೋಗೆ ನಾನಿರ್ತೀನಿ.

ಜೈ ಭೀಮ್.